ತಂಡದ ಹೆಸರು ಯಾರ ಸ್ವತ್ತು?



ಮನೆ ನಮ್ಮದು ಅನ್ನಲು ಪತ್ರ ಬೇಕು. ಹೊಲ ನಮ್ಮದು ಅನ್ನಲು ಪಹಣಿ ಬೇಕು. ಇದು ನಮಗೆಲ್ಲ ಗೊತ್ತು. ಆದರೆ ಹೆಸರು? ಹೆಸರನ್ನು ಕೈಯಲ್ಲಿ ಹಿಡಿಯೋಕೆ ಆಗಲ್ಲ. ಬೀರುವಿನಲ್ಲಿ ಇಟ್ಟು ಬೀಗ ಹಾಕೋಕೂ ಆಗಲ್ಲ. ಹಾಗಾದರೆ ಹೆಸರನ್ನು ಕಾಪಾಡುವುದು ಹೇಗೆ? ಈ ಪಾಠದಲ್ಲಿ ಅದನ್ನೇ ತಿಳಿಯೋಣ.

ಹೆಸರಿಗೂ ಬೆಲೆ ಇದೆ

ಬೆಳಿಗ್ಗೆ ಅಂಗಡಿಗೆ ಹೋಗ್ತೀವಿ. "ಅರ್ಧ ಲೀಟರ್ ನಂದಿನಿ ಕೊಡಪ್ಪಾ" ಅಂತೀವಿ. ಪ್ಯಾಕೆಟ್ ಒಡೆದು ನೋಡಲ್ಲ. ರುಚಿ ನೋಡಲ್ಲ. ಹೆಸರು ನೋಡ್ತೀವಿ, ದುಡ್ಡು ಕೊಡ್ತೀವಿ. ಯಾಕೆ? ಆ ಹೆಸರಿನ ಮೇಲೆ ನಂಬಿಕೆ.

ಹಾಡುವ ತಂಡಕ್ಕೂ ಹೀಗೆಯೇ. ಡೊಳ್ಳು ಬಾರಿಸುವ ತಂಡ, ಸೋಬಾನೆ ಹಾಡುವ ತಂಡ, ಮದುವೆಯ ಬ್ಯಾಂಡ್ ಸೆಟ್, ಗಿಟಾರ್ ಹಿಡಿದು ಹಾಡುವ ಹುಡುಗಿಯರ ಬ್ಯಾಂಡ್, ಎಲ್ಲಕ್ಕೂ ಒಂದು ಹೆಸರು ಇರುತ್ತೆ. ಜನ ಆ ಹೆಸರು ಕೇಳಿ ಕರೆಯುತ್ತಾರೆ. ಹೆಸರು ಹೋದರೆ ಕರೆ ಹೋಗುತ್ತೆ. ಕರೆ ಹೋದರೆ ಕೂಲಿ ಹೋಗುತ್ತೆ.

ಎಂಟು ಜನರ ತಂಡ

ಪಾಠಕ್ಕಾಗಿ ಒಂದು ಕಥೆ ಕಟ್ಟೋಣ.

ಪೀಣ್ಯದಲ್ಲಿ ಎಂಟು ಹೆಂಗಸರು. ಎಲ್ಲರೂ ಗಾರ್ಮೆಂಟ್ಸ್ ಕೆಲಸದವರು. ಭಾನುವಾರ ಸೇರಿ ಡೊಳ್ಳು ಕಲಿತರು. ಜೊತೆಗೆ ಹಾಡು ಕಟ್ಟಿದರು. ತಂಡಕ್ಕೆ 'ಕಾಡುಗೆಜ್ಜೆ' ಅಂತ ಹೆಸರಿಟ್ಟರು ಅಂದುಕೊಳ್ಳಿ. ಮೊದಲು ಬೀದಿಯ ಗಣೇಶನ ಮುಂದೆ ಬಾರಿಸಿದರು. ಆಮೇಲೆ ನವೆಂಬರ್ ಬಂದರೆ ಕರೆಯೋ ಕರೆ. ವೈಟ್‌ಫೀಲ್ಡಿನ ಕಂಪನಿಯಲ್ಲಿ ರಾಜ್ಯೋತ್ಸವ. ಎಲೆಕ್ಟ್ರಾನಿಕ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ರಾಜ್ಯೋತ್ಸವ. ಆರು ವರ್ಷ ಹೀಗೆ ನಡೆಯಿತು.

ಕಾರ್ಯಕ್ರಮ ಗೊತ್ತು ಮಾಡಲು ಒಬ್ಬ ಮನುಷ್ಯ ಇದ್ದ. ಕಾರ್ಡಿನ ಮೇಲೆ ಅವನ ಫೋನ್ ನಂಬರ್. ಬ್ಯಾನರ್ ಮೇಲೂ ಅವನದೇ ನಂಬರ್. ಒಂದು ದಿನ ಒಂದು ಕಾಗದ ತಂದ. "ಇಲ್ಲಿ ಸೈನ್ ಹಾಕಿ, ತಂಡಕ್ಕೆ ಒಳ್ಳೇದು" ಅಂದ. ಎಂಟು ಜನರೂ ಸೈನ್ ಹಾಕಿದರು. ಯಾರೂ ಓದಲಿಲ್ಲ.

ಮುಂದಿನ ನವೆಂಬರ್ ಬಂತು. ಕರೆ ಬರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಮಾತ್ರ 'ಕಾಡುಗೆಜ್ಜೆ' ಅಂತ ಬ್ಯಾನರ್ ಕಟ್ಟಿತ್ತು. ವೇದಿಕೆ ಮೇಲೆ ಬೇರೆ ಎಂಟು ಜನ! ಕೇಳಿದರೆ ಆತ ಹೇಳಿದ್ದು ಒಂದೇ ಮಾತು: "ಹೆಸರು ನಂದು. ನಿಮ್ಮ ಡೊಳ್ಳು ನೀವು ತಗೊಂಡು ಹೋಗಿ."

ಬೆವರು ಎಂಟು ಜನರದು. ಹೆಸರು ಒಬ್ಬನದು. ಇದು ನ್ಯಾಯವೇ? ಕಾನೂನು ಏನು ಹೇಳುತ್ತೆ? ನೋಡೋಣ.

ಹಾಡು ಬೇರೆ, ಹೆಸರು ಬೇರೆ

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ನಾವು ಹೊಸದಾಗಿ ಕಟ್ಟಿದ ಹಾಡಿಗೆ ರಕ್ಷಣೆ ಕೊಡುವುದು 1957ರ ಕಾಪಿರೈಟ್ ಕಾಯಿದೆ. ಅದನ್ನು ಕೃತಿಸ್ವಾಮ್ಯ ಅಂತಲೂ ಅಂತಾರೆ. ತಲೆಮಾರಿನಿಂದ ಬಂದ ಜನಪದ ಹಾಡು ಊರಿಗೆಲ್ಲ ಸೇರಿದ್ದು. ಅದನ್ನು ಯಾರೂ "ನನ್ನದು ಮಾತ್ರ" ಅನ್ನೋ ಹಾಗಿಲ್ಲ.

ತಂಡದ ಹೆಸರಿಗೆ ರಕ್ಷಣೆ ಕೊಡುವುದು ಬೇರೆ ಕಾಯಿದೆ. ಅದು ಟ್ರೇಡ್ ಮಾರ್ಕ್ ಕಾಯಿದೆ. 1999ರಲ್ಲಿ ಆಯಿತು. 2003ರಲ್ಲಿ ಜಾರಿಗೆ ಬಂತು. ಟ್ರೇಡ್ ಮಾರ್ಕ್ ಅಂದರೆ ವ್ಯಾಪಾರದ ಗುರುತು. ಸೋಪು, ಹಾಲು, ಅಗರಬತ್ತಿಗೆ ಮಾತ್ರ ಅಲ್ಲ. ಹಾಡು, ಕುಣಿತ, ಮನರಂಜನೆ ಕೂಡ ಒಂದು ಸೇವೆ. ಅದರ ಹೆಸರಿಗೂ ಈ ಕಾಯಿದೆಯ ರಕ್ಷಣೆ ಇದೆ.

ಮೊದಲು ಬಳಸಿದವರಿಗೆ ಬಲ

"ನಾವು ಹೆಸರು ನೋಂದಾಯಿಸಿಲ್ಲ. ನಮಗೆ ಏನೂ ಹಕ್ಕಿಲ್ವಾ?" ಅಂತ ನೀವು ಕೇಳಬಹುದು. ಹಕ್ಕು ಇದೆ.

ತಮಿಳುನಾಡಿನ ತಿರುನೆಲ್ವೇಲಿಯಲ್ಲಿ ಒಂದು ಹಲ್ವಾ ಅಂಗಡಿ ಇದೆ. ಹೆಸರು ಇರುಟ್ಟುಕಡೈ. ಅಂದರೆ ಕತ್ತಲೆ ಅಂಗಡಿ. ಬಹಳ ಹಳೆಯ ಅಂಗಡಿ. ಊರೂರಿಗೆ ಹೆಸರಾದ ಹಲ್ವಾ. ಆ ಹೆಸರಿಗಾಗಿ ಸುಲೋಚನಾ ಬಾಯಿ ಎಂಬ ಮಹಿಳೆ ಕೋರ್ಟಿಗೆ ಹೋದರು. ಎದುರಾಳಿ ಅದೇ ಹೆಸರಿಗೆ 'ತಿರುನೆಲ್ವೇಲಿ' ಅಂತ ಸೇರಿಸಿ ಹಲ್ವಾ ಮಾರುತ್ತಿದ್ದರು. ಅವರೂ ತಮ್ಮ ಹೆಸರನ್ನು ನೋಂದಾಯಿಸಿದ್ದರು. ಕೇಸು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2015ರಲ್ಲಿ ತೀರ್ಪು ಬಂತು. ಸುಲೋಚನಾ ಬಾಯಿ ಗೆದ್ದರು. ಕೋರ್ಟು ಹೇಳಿದ ತಿರುಳು ಇಷ್ಟು: ನೋಂದಾಯಿಸಿದವರ ಹಕ್ಕಿಗಿಂತ, ಅದಕ್ಕೂ ಮೊದಲಿನಿಂದ ಹೆಸರು ಬಳಸುತ್ತಾ ಬಂದವರ ಹಕ್ಕು ದೊಡ್ಡದು.

ಹಾಗಾದರೆ ನೋಂದಣಿ ಯಾಕೆ ಬೇಕು? ನೋಂದಣಿ ಇಲ್ಲದಿದ್ದರೆ ಮೊದಲು ಬಳಸಿದ್ದು ನಾವೇ ಅಂತ ತೋರಿಸಬೇಕು. ಜನ ನಮ್ಮನ್ನು ಆ ಹೆಸರಿನಿಂದಲೇ ಗುರುತಿಸುತ್ತಾರೆ ಅಂತಲೂ ತೋರಿಸಬೇಕು. ಅದಕ್ಕೆ ಸಾಕ್ಷಿ ಬೇಕು. ನೋಂದಣಿ ಇದ್ದರೆ ಕೈಯಲ್ಲೇ ಪತ್ರ ಇರುತ್ತೆ. ಕೆಲಸ ಹಗುರ. ಬಾಯಿ ಮಾತಿಗಿಂತ ಬರೆದ ಮಾತು ಗಟ್ಟಿ ಅಲ್ವೇ?

ಎರಡು ನಂದಿನಿ

ಈಗ ನಮ್ಮ ಬೆಂಗಳೂರಿನದೇ ಒಂದು ಕೇಸು. ಕರ್ನಾಟಕ ಹಾಲು ಮಹಾಮಂಡಳ 1985ರಿಂದ 'ನಂದಿನಿ' ಎಂಬ ಹೆಸರು ಬಳಸುತ್ತಿದೆ. ಗುರುತು ಹಸು. 1989ರಲ್ಲಿ ಬೆಂಗಳೂರಿನಲ್ಲಿ 'ನಂದಿನಿ ಡಿಲಕ್ಸ್' ಎಂಬ ಊಟದ ಹೋಟೆಲ್ ಶುರುವಾಯಿತು. ಅದರ ಗುರುತು ದೀಪ. ಹೋಟೆಲಿನವರು ತಮ್ಮ ಹೆಸರಿನ ನೋಂದಣಿಗೆ ಅರ್ಜಿ ಹಾಕಿದರು. ಮಹಾಮಂಡಳ ಬೇಡ ಅಂತು. ವರ್ಷಗಟ್ಟಲೆ ಕೇಸು ನಡೆಯಿತು.

2018ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರ ತೀರ್ಪು ಕೊಟ್ಟಿತು. ಯಾಕೆ? ಮೂರು ಮಾತು ನೆನಪಿಡಿ.

ಒಂದು: ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಒಬ್ಬರು ಹೊಸದಾಗಿ ಹುಟ್ಟಿಸಿದ ಪದ ಅಲ್ಲ.

ಎರಡು: ಎರಡೂ ಗುರುತು ನೋಡಲು ಬೇರೆ ಬೇರೆ. ಒಂದರಲ್ಲಿ ಹಸು, ಒಂದರಲ್ಲಿ ದೀಪ.

ಮೂರು: ಮಾರುವ ವಸ್ತು ಬೇರೆ. ಒಬ್ಬರದು ಹಾಲು, ಇನ್ನೊಬ್ಬರದು ಊಟ. ಆದರೆ ಹಾಲು ಮತ್ತು ಹಾಲಿನ ಪದಾರ್ಥಕ್ಕೆ ಆ ಹೋಟೆಲಿಗೆ ನೋಂದಣಿ ಇಲ್ಲ.

ಇದರಿಂದ ತಂಡಗಳಿಗೆ ಏನು ಪಾಠ? ಎಲ್ಲರೂ ಇಡುವ ಹೆಸರು ಇಟ್ಟರೆ, "ಇದು ನಮ್ಮದು ಮಾತ್ರ" ಅನ್ನೋದು ಕಷ್ಟ.

ಹೆಸರು ಹೇಗಿರಬೇಕು?

'ಮಹಿಳಾ ಡೊಳ್ಳು ತಂಡ' ಅಂತ ಹೆಸರಿಟ್ಟರೆ? ಅದು ಹೆಸರಲ್ಲ, ಕೆಲಸದ ವಿವರ. ಡೊಳ್ಳು ಬಾರಿಸುವ ಎಲ್ಲ ಹೆಂಗಸರಿಗೂ ಆ ಮಾತು ಬೇಕು. ಅದನ್ನು ಒಬ್ಬರಿಗೇ ಬರೆದು ಕೊಡಲು ಆಗಲ್ಲ. 'ಪೀಣ್ಯ ಬ್ಯಾಂಡ್' ಅಂದರೂ ಹಾಗೆಯೇ. ಊರಿನ ಹೆಸರು ಊರಿನವರೆಲ್ಲರದು.

ಪವಿತ್ರ ಗ್ರಂಥದ ಹೆಸರು? ಬಿಹಾರದ ಪಟ್ನಾದ ಒಬ್ಬ ಅಗರಬತ್ತಿ ವ್ಯಾಪಾರಿ 'ರಾಮಾಯಣ' ಎಂಬ ಹೆಸರು ಕೇಳಿದ್ದರು. 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಆ ಹೆಸರು ಒಬ್ಬರ ಸ್ವತ್ತಾಗಲು ಬರುವುದಿಲ್ಲ ಅಂತು.

ಆದ್ದರಿಂದ ಬೇರೆ ಯಾರೂ ಇಡದ ಹೆಸರು ಹುಡುಕಿ. ಎರಡು ಪದ ಕೂಡಿಸಿ ಹೊಸ ಪದ ಮಾಡಿ. ಒಂದು ಚಿತ್ರ ಬರೆಸಿ. ಹೆಸರು, ಚಿತ್ರ ಎರಡೂ ನಿಮ್ಮ ಗುರುತು ಆಗುತ್ತೆ. ಇಡುವ ಮುಂಚೆ ಆ ಹೆಸರು ಬೇರೆಯವರದ್ದಾ ಅಂತ ನೋಡಿ. ಸರ್ಕಾರದ ಟ್ರೇಡ್ ಮಾರ್ಕ್ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಹುಡುಕಬಹುದು. ಇದಕ್ಕೆ ದುಡ್ಡು ಕೊಡಬೇಕಿಲ್ಲ. ನಿಮ್ಮ ಮಗಳೋ ಮಗನೋ ಹುಡುಕಿ ಕೊಡಬಹುದು. ಪಕ್ಕದಲ್ಲಿ ಕೂತು ನೀವೂ ಓದಿ.

ನೋಂದಣಿ ಹೇಗೆ?

ಕರ್ನಾಟಕದವರ ಅರ್ಜಿ ಚೆನ್ನೈನ ಟ್ರೇಡ್ ಮಾರ್ಕ್ ಕಚೇರಿಗೆ ಸೇರುತ್ತೆ. ಅಲ್ಲಿಗೆ ಹೋಗಲೇಬೇಕು ಅಂತಿಲ್ಲ. ಕಂಪ್ಯೂಟರ್ ಮೂಲಕ ಅರ್ಜಿ ಹಾಕಬಹುದು.

ವಸ್ತು ಮತ್ತು ಸೇವೆಗಳನ್ನು 45 ವರ್ಗ ಮಾಡಿದ್ದಾರೆ. ಹಾಡು, ಕುಣಿತ, ಮನರಂಜನೆ 41ನೇ ವರ್ಗದಲ್ಲಿ ಬರುತ್ತೆ. ತಂಡದ ಹೆಸರಿಗೆ ಈ ವರ್ಗ ಬರೆಯಬೇಕು.

2017ರ ನಿಯಮದಲ್ಲಿ ಶುಲ್ಕ ಹೀಗಿದೆ. ಒಬ್ಬ ವ್ಯಕ್ತಿ ಅಥವಾ ಸಣ್ಣ ಉದ್ಯಮ ಕಂಪ್ಯೂಟರ್ ಮೂಲಕ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ 4,500 ರೂಪಾಯಿ. ಕಾಗದದಲ್ಲಿ ಕೊಟ್ಟರೆ 5,000 ರೂಪಾಯಿ. ಬೇರೆಯವರಿಗೆ 9,000 ಮತ್ತು 10,000 ರೂಪಾಯಿ. ಸಣ್ಣ ಉದ್ಯಮ ಅಂತ ತೋರಿಸಲು ಉದ್ಯಮ್ ನೋಂದಣಿ ಪತ್ರ ಇದೆ. ಆ ಪತ್ರಕ್ಕೆ ಸರ್ಕಾರ ಶುಲ್ಕ ತೆಗೆದುಕೊಳ್ಳುವುದಿಲ್ಲ.

ಎಂಟು ಜನ ಇದ್ದರೆ 4,500 ರೂಪಾಯಿಯಲ್ಲಿ ಒಬ್ಬೊಬ್ಬರಿಗೆ ಎಷ್ಟು ಬರುತ್ತೆ? ಲೆಕ್ಕ ಹಾಕಿ. 562 ರೂಪಾಯಿ 50 ಪೈಸೆ.

ಅಧಿಕಾರಿಗಳು ಅರ್ಜಿ ಪರಿಶೀಲನೆ ಮಾಡುತ್ತಾರೆ. ಸರಿ ಇದ್ದರೆ ಟ್ರೇಡ್ ಮಾರ್ಕ್ ಪತ್ರಿಕೆಯಲ್ಲಿ ಹೆಸರು ಪ್ರಕಟ ಆಗುತ್ತೆ. ಬೇಡ ಅನ್ನುವವರು ನಾಲ್ಕು ತಿಂಗಳ ಒಳಗೆ ತಕರಾರು ಹಾಕಬೇಕು. ತಕರಾರು ಇಲ್ಲದಿದ್ದರೆ ನೋಂದಣಿ ಆಗುತ್ತೆ. ಅದು 10 ವರ್ಷ ಇರುತ್ತೆ. ಆಮೇಲೆ ಶುಲ್ಕ ಕಟ್ಟಿ ಮತ್ತೆ 10 ವರ್ಷಕ್ಕೆ ಮುಂದುವರಿಸಬಹುದು.

ಒಂದು ಎಚ್ಚರಿಕೆ. ಹೆಸರು ನೋಂದಾಯಿಸಿ ಸುಮ್ಮನೆ ಇಡಬಾರದು. ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದೇ ಇದ್ದರೆ, ಬೇರೆಯವರು ಅದನ್ನು ತೆಗೆಸಲು ಅರ್ಜಿ ಹಾಕಬಹುದು. ಬಳಸದ ಕುಡುಗೋಲಿಗೆ ತುಕ್ಕು ಹಿಡಿಯುತ್ತೆ ಅಲ್ವೇ, ಹಾಗೆ.

ಇನ್ನೊಂದು ಎಚ್ಚರಿಕೆ. ವೃತ್ತದ ಒಳಗೆ 'ಆರ್' ಅಕ್ಷರ ಇರುವ ಗುರುತನ್ನು ನೋಂದಣಿ ಆದ ಮೇಲೆ ಮಾತ್ರ ಹಾಕಬೇಕು. ಮೊದಲೇ ಹಾಕಿದರೆ ಕಾನೂನಿಗೆ ವಿರುದ್ಧ. 'ಟಿಎಂ' ಎಂಬ ಅಕ್ಷರಗಳನ್ನು ನೋಂದಣಿಗೆ ಮೊದಲೂ ಹಾಕಬಹುದು.

ಯಾರ ಹೆಸರಿನಲ್ಲಿ?

ಇದೇ ಮುಖ್ಯ ಪ್ರಶ್ನೆ. ಅರ್ಜಿಯಲ್ಲಿ ಮಾಲೀಕರು ಅಂತ ಯಾರ ಹೆಸರು ಬರೆಯುತ್ತೇವೋ, ಕಾಗದದಲ್ಲಿ ಹೆಸರು ಅವರದಾಗುತ್ತೆ. "ಓಡಾಡುವವರು ಅವರು, ಅವರ ಹೆಸರೇ ಇರಲಿ ಬಿಡಿ" ಅನ್ನಬೇಡಿ.

ಇಂಗ್ಲೆಂಡಿನಲ್ಲಿ 1998ರಲ್ಲಿ ಮೂವರು ಹುಡುಗಿಯರು ಒಂದು ತಂಡ ಕಟ್ಟಿದರು. ಹೆಸರು ಶುಗಾಬೇಬ್ಸ್. ಹಾಡು ಬಹಳ ಜನಪ್ರಿಯ ಆಯಿತು. ಒಬ್ಬೊಬ್ಬರಾಗಿ ಮೂವರೂ ತಂಡದಿಂದ ಹೊರಗಾದರು. ಅವರ ಜಾಗಕ್ಕೆ ಬೇರೆಯವರು ಬಂದರು. 2009ರ ಹೊತ್ತಿಗೆ ತಂಡದಲ್ಲಿ ಕಟ್ಟಿದವರು ಒಬ್ಬರೂ ಇರಲಿಲ್ಲ! ಹೆಸರು ಮಾತ್ರ ಅದೇ. ಮುಂದೆ ಆ ಮೂವರು ಮತ್ತೆ ಒಂದಾದರು. ಆದರೆ ತಾವು ಕಟ್ಟಿದ ಹೆಸರಿನಲ್ಲಿ ಹಾಡಲು ಆಗಲಿಲ್ಲ. 2012ರಲ್ಲಿ ತಮ್ಮ ಮೂರು ಸ್ವಂತ ಹೆಸರು ಜೋಡಿಸಿ ಹಾಡಿದರು. ಹಳೆಯ ಹೆಸರು ಮತ್ತೆ ಕೈಗೆ ಬಂದದ್ದು 2019ರಲ್ಲಿ. ಹಾಡಿ ಹೆಸರಾದವರಿಗೇ ಇಷ್ಟು ಕಷ್ಟ.

ಹಾಗಾದರೆ ನಾವು ಏನು ಮಾಡಬಹುದು? ಮೂರು ದಾರಿ ಇದೆ.

ಮೊದಲ ದಾರಿ: ಎಲ್ಲರೂ ಜಂಟಿ ಮಾಲೀಕರಾಗಿ ಅರ್ಜಿ ಹಾಕುವುದು.

ಎರಡನೇ ದಾರಿ: ಪಾಲುದಾರಿಕೆ. ಇಬ್ಬರು ಅಥವಾ ಹೆಚ್ಚು ಜನ ಪಾಲುಪತ್ರ ಬರೆದು, ಆ ಸಂಸ್ಥೆಯ ಪರವಾಗಿ ಹೆಸರು ಪಡೆಯುವುದು.

ಮೂರನೇ ದಾರಿ: ಸಂಘ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆ ಪ್ರಕಾರ ಕಡಿಮೆ ಎಂದರೆ ಏಳು ಜನ ಸೇರಿ ಸಂಘ ನೋಂದಾಯಿಸಬಹುದು. ಆಗ ಹೆಸರು ಸಂಘದ್ದು. ಒಬ್ಬರು ಬಿಟ್ಟು ಹೋದರೂ ಹೆಸರು ಸಂಘದಲ್ಲೇ ಉಳಿಯುತ್ತೆ.

ಇಲ್ಲಿ ಒಂದು ಮಾತು. ಸಂಘದ ನೋಂದಣಿ ಬೇರೆ, ಟ್ರೇಡ್ ಮಾರ್ಕ್ ನೋಂದಣಿ ಬೇರೆ. ಒಂದು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ.

ನಗುವಾಗಲೇ ಬರೆದಿಡಿ

ಜಗಳ ಆದ ಮೇಲೆ ಯಾರೂ ಒಪ್ಪಂದ ಬರೆಯಲ್ಲ. ಪ್ರೀತಿ ಇರುವಾಗಲೇ ಬರೆಯಬೇಕು. ಎಲ್ಲರೂ ಕೂತು ಮಾತಾಡಿ, ಈ ವಿಷಯ ಬರೆಯಿರಿ.

1. ತಂಡದ ಹೆಸರು, ಚಿತ್ರ ಯಾರದು?
2. ಒಬ್ಬರು ತಂಡ ಬಿಟ್ಟರೆ ಹೆಸರು ಬಳಸಬಹುದೇ, ಬಾರದೇ?
3. ಹೊಸಬರು ಬಂದರೆ ಅವರಿಗೆ ಏನು ಹಕ್ಕು?
4. ಕಾರ್ಯಕ್ರಮ ಒಪ್ಪಿಕೊಳ್ಳುವವರು ಯಾರು? ದುಡ್ಡು ಯಾರ ಖಾತೆಗೆ ಬರಬೇಕು?
5. ಕಾರ್ಡಿನ ಫೋನ್ ನಂಬರ್, ಯೂಟ್ಯೂಬ್ ಚಾನೆಲ್, ಅದರ ಪಾಸ್‌ವರ್ಡ್ ಯಾರ ಬಳಿ ಇರಬೇಕು?
6. ತಂಡ ನಿಂತರೆ ಹೆಸರು ಏನಾಗಬೇಕು?

ಎಲ್ಲರೂ ಸೈನ್ ಹಾಕಿ. ಒಬ್ಬೊಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಗಂಡನ ಕೈಗೋ ಏಜೆಂಟನ ಕೈಗೋ ಕೊಟ್ಟು ಸುಮ್ಮನಾಗಬೇಡಿ.

ಸಾಕ್ಷಿಯ ಚೀಲ

ಒಂದು ಬಟ್ಟೆ ಚೀಲ ಸಾಕು. ಅದರಲ್ಲಿ ಇವನ್ನು ಹಾಕುತ್ತಾ ಹೋಗಿ: ಮೊದಲ ಕರಪತ್ರ, ಆಮಂತ್ರಣ ಪತ್ರಿಕೆ, ಬ್ಯಾನರಿನ ಬಿಲ್ಲು, ಹಣ ಬಂದ ರಸೀದಿ, ಪಾಸ್‌ಬುಕ್, ಪೇಪರಿನಲ್ಲಿ ಬಂದ ಸುದ್ದಿ, ತಾರೀಖು ಇರುವ ಫೋಟೊ. ಯಾವುದಕ್ಕೆ ತಾರೀಖು ಇಲ್ಲವೋ ಅದರ ಹಿಂದೆ ನೀವೇ ತಾರೀಖು, ಊರು ಬರೆಯಿರಿ. "ನಾವು ಮೊದಲು" ಅಂತ ಹೇಳಲು ಈ ಚೀಲವೇ ಬಾಯಿ.

ಬೇರೆಯವರು ನಮ್ಮ ಹೆಸರು ಬಳಸಿದರೆ?

ಮೊದಲು ಸಾಕ್ಷಿ ಕೂಡಿಸಿ. ಅವರ ಬ್ಯಾನರಿನ ಫೋಟೊ ತೆಗೆಯಿರಿ. ಆಮೇಲೆ ವಕೀಲರ ಮೂಲಕ ನೋಟಿಸು ಕಳಿಸಿ. "ಈ ಹೆಸರು ನಮ್ಮದು, ಬಳಸುವುದು ನಿಲ್ಲಿಸಿ" ಅಂತ. ಕೆಲವು ಸಲ ಇಷ್ಟಕ್ಕೇ ಮುಗಿಯುತ್ತೆ. ಮುಗಿಯದಿದ್ದರೆ ಕೋರ್ಟಿಗೆ ಹೋಗಬಹುದು. ಹೆಸರು ನೋಂದಣಿ ಆಗದಿದ್ದರೂ ಕೇಸು ಹಾಕಬಹುದು. ಅದಕ್ಕೆ ಪಾಸಿಂಗ್ ಆಫ್ ಅಂತಾರೆ. ಅಂದರೆ, ಒಬ್ಬರ ಹೆಸರು ಹೇಳಿ ಇನ್ನೊಬ್ಬರು ಜನರನ್ನು ನಂಬಿಸುವುದರ ವಿರುದ್ಧ ಕೇಸು. ಬಳಸಬೇಡಿ ಅಂತ ತಡೆಯಾಜ್ಞೆ ಕೇಳಬಹುದು. ನಷ್ಟ ಪರಿಹಾರವನ್ನೂ ಕೇಳಬಹುದು.

ನಮ್ಮ ಕಥೆಯ ಎಂಟು ಜನರಿಗೂ ದಾರಿ ಇದೆ. ಆತನ ಅರ್ಜಿ ಈಗ ತಾನೇ ಪತ್ರಿಕೆಯಲ್ಲಿ ಬಂದಿದ್ದರೆ, ನಾಲ್ಕು ತಿಂಗಳ ಒಳಗೆ ತಕರಾರು ಹಾಕಬಹುದು. ನೋಂದಣಿ ಆಗಿಬಿಟ್ಟಿದ್ದರೆ, ಅದನ್ನು ತೆಗೆಸಲು ರಿಜಿಸ್ಟ್ರಾರ್ ಬಳಿ ಇಲ್ಲವೇ ಹೈಕೋರ್ಟಿನಲ್ಲಿ ಅರ್ಜಿ ಹಾಕಬಹುದು. ಆರು ವರ್ಷದ ಕರಪತ್ರ, ಫೋಟೊ ಅವರ ಬಲ. ಓದದೆ ಹಾಕಿದ ಸೈನು ಅವರಿಗೆ ತೊಡಕು. ಕೋರ್ಟು ಎರಡನ್ನೂ ನೋಡುತ್ತೆ. ಅದಕ್ಕೇ ಹೇಳುವುದು, ಸೈನು ಹಾಕುವ ಮುಂಚೆ ಓದಬೇಕು.

ವಕೀಲರಿಗೆ ದುಡ್ಡು?

"ಕೋರ್ಟು ಕಚೇರಿ ನಮ್ಮಂಥವರಿಗೆ ಅಲ್ಲ" ಅಂತ ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆ ಇದೆ. ಅದರ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಕೇಳುವ ಹಕ್ಕಿದೆ. ಮಹಿಳೆಯ ಆದಾಯ ಎಷ್ಟು ಅಂತ ನೋಡುವುದಿಲ್ಲ. ಜಿಲ್ಲೆಯ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ತಾಲ್ಲೂಕಿನಲ್ಲಿ ಸಮಿತಿ ಇದೆ. ಫೋನಿನಲ್ಲಿ ಕೇಳಲು 15100ಕ್ಕೆ ಕರೆ ಮಾಡಬಹುದು. ಈ ನಂಬರನ್ನು ಅಡಿಗೆ ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ.

ತಂಡ ಇಲ್ಲದವರಿಗೂ ಈ ಪಾಠ ಬೇಕು. ಸ್ತ್ರೀಶಕ್ತಿ ಸಂಘದಲ್ಲಿ ಹಪ್ಪಳ ಮಾಡ್ತೀರಾ? ಮಸಾಲೆ ಪುಡಿ ಮಾರ್ತೀರಾ? ಪ್ಯಾಕೆಟ್ ಮೇಲೆ ಹೆಸರು ಇದೆಯಲ್ಲ? ಅದಕ್ಕೂ ಇದೇ ಕಾನೂನು. ವರ್ಗದ ನಂಬರ್ ಮಾತ್ರ ಬೇರೆ.

ಹೆಬ್ಬೆಟ್ಟು ಒತ್ತುವ ಕಾಲ ಹೋಯಿತು. ಈಗ ನಾವು ನಮ್ಮ ಹೆಸರು ಬರೆಯುತ್ತೇವೆ. ನಮ್ಮ ಹೆಸರು ಬರೆಯಲು ಕಲಿತವರು ನಮ್ಮ ತಂಡದ ಹೆಸರನ್ನೂ ಕಾಪಾಡಬಲ್ಲೆವು.

ಪದಗಳನ್ನು ಓದೋಣ

ಟ್ರೇಡ್ ಮಾರ್ಕ್ – ವ್ಯಾಪಾರದ ಗುರುತು
ನೋಂದಣಿ – ಸರ್ಕಾರದ ಪುಸ್ತಕದಲ್ಲಿ ದಾಖಲು ಮಾಡುವುದು
ತಕರಾರು – ಬೇಡ ಎಂದು ಬರೆದು ಕೊಡುವುದು
ಜಂಟಿ – ಕೂಡಿ, ಒಟ್ಟಾಗಿ
ತಡೆಯಾಜ್ಞೆ – ಮಾಡಬೇಡಿ ಎಂದು ಕೋರ್ಟು ಕೊಡುವ ಆದೇಶ

ಉತ್ತರ ಹೇಳೋಣ

1. ಹಾಡಿನ ಹಕ್ಕು ಯಾವ ಕಾಯಿದೆಯಲ್ಲಿ ಬರುತ್ತೆ? ಹೆಸರಿನ ಹಕ್ಕು ಯಾವುದರಲ್ಲಿ?
2. ಇರುಟ್ಟುಕಡೈ ಕೇಸಿನಲ್ಲಿ ಗೆದ್ದವರು ಯಾರು? ಯಾಕೆ ಗೆದ್ದರು?
3. ನೋಂದಣಿ ಎಷ್ಟು ವರ್ಷ ಇರುತ್ತೆ?
4. ಉಚಿತ ಕಾನೂನು ನೆರವಿಗೆ ಯಾವ ನಂಬರ್?

ಬರೆಯೋಣ

ನಿಮ್ಮ ತಂಡಕ್ಕೆ ಅಥವಾ ಸಂಘಕ್ಕೆ ಬೇರೆ ಯಾರೂ ಇಡದ ಒಂದು ಹೆಸರು ಯೋಚಿಸಿ. ದೊಡ್ಡ ಅಕ್ಷರದಲ್ಲಿ ಬರೆಯಿರಿ. ಅದರ ಕೆಳಗೆ ಎಲ್ಲ ಸದಸ್ಯರ ಹೆಸರು, ಇವತ್ತಿನ ತಾರೀಖು ಬರೆಯಿರಿ. ಎಲ್ಲರೂ ಓದಿ. ಓದಿದ ಮೇಲೆ ಸೈನು ಹಾಕಿ.